ಒಂದೇ ಸೊಂಟನೋವಿಗೆ ಇಬ್ಬರು ವೈದ್ಯರ ಎರಡು ಮಾತು

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಅಡಿಕೆ ಬೆಳೆಗಾರ, ವಯಸ್ಸು 46. ಮೂರು ತಿಂಗಳ ಹಿಂದೆ ಕೊನೆಕೊಯ್ಲಿನ ಸಮಯದಲ್ಲಿ ತುಂಬಿದ ಬುಟ್ಟಿ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಎಡಗಾಲಿನ ಮೀನಖಂಡದವರೆಗೂ ಸೆಳೆತವಿತ್ತು. ಈಗ ಸೆಳೆತ ಹೋಗಿದೆ, ಸೊಂಟನೋವು ಉಳಿದಿದೆ. ಪೇಟೆಯ ಖಾಸಗಿ ವೈದ್ಯರೊಬ್ಬರು ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿ, ಡಿಸ್ಕ್ ಜಾರಿದೆ, ಎಲುಬು ಸವೆದಿದೆ ಎಂದರು. ಎರಡು ತಿಂಗಳು ಮಲಗಿರಿ, ಬಗ್ಗಬೇಡಿ, ಬೆಲ್ಟು ಕಟ್ಟಿಕೊಳ್ಳಿ ಎಂದೂ ಹೇಳಿದರು. ಮೊನ್ನೆ ಮಾತ್ರೆ ಮುಗಿದಾಗ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿಗೆ ಹೊಸದಾಗಿ ಬಂದ ವೈದ್ಯೆ ಕಾಲು ಎತ್ತಿಸಿ, ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿ ನೋಡಿ, ಮಲಗಬೇಡಿ, ನಡೆಯಿರಿ, ಸ್ವಲ್ಪ ಸ್ವಲ್ಪವಾಗಿ ತೋಟದ ಕೆಲಸ ಶುರು ಮಾಡಿ, ಇನ್ನೊಂದು ಸ್ಕ್ಯಾನ್ ಬೇಡ ಎಂದರು. ಅವರು ರಿಪೋರ್ಟನ್ನು ಸರಿಯಾಗಿ ನೋಡಲೇ ಇಲ್ಲ ಎಂದು ಆಯಿಗೆ ಸಿಟ್ಟು. ಇಬ್ಬರೂ ಓದಿದವರೇ ಅಲ್ಲವೇ? ಒಂದೇ ನೋವಿಗೆ ಇಷ್ಟು ಬೇರೆ ಬೇರೆ ಮಾತು ಹೇಗೆ? ಯಾರನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನೀವು ಬರೆದಿರುವ ವಿವರಗಳನ್ನು ನೋಡಿದರೆ ಆರೋಗ್ಯ ಕೇಂದ್ರದ ವೈದ್ಯೆಯ ಸಲಹೆಯೇ ಇಂದಿನ ವೈದ್ಯಕೀಯ ತಿಳಿವಳಿಕೆಗೆ ಹೊಂದುವಂಥದ್ದು, ಅದನ್ನು ಪಾಲಿಸಿ. ಕಾಲಿನ ಸೆಳೆತ ತಾನಾಗಿ ಇಳಿದಿರುವುದು ಒಳ್ಳೆಯ ಲಕ್ಷಣ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಗೊಂದಲಕ್ಕೂ ನಿಮ್ಮ ಆಯಿಯ ಸಿಟ್ಟಿಗೂ ಉತ್ತರ ಕೊಟ್ಟಂತಾಗುವುದಿಲ್ಲ. ನಾನು ವೃತ್ತಿಯ ಮೊದಲ ವರ್ಷಗಳನ್ನು ಇದೇ ಜಿಲ್ಲೆಯ ಕರಾವಳಿಯ ಒಂದು ಆರೋಗ್ಯ ಕೇಂದ್ರದಲ್ಲಿ ಕಳೆದವನು. ಈಗ ಅಂಥ ಕೇಂದ್ರಗಳ ವೈದ್ಯರಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಮೂಳೆ, ಕೀಲು, ಸ್ನಾಯುಗಳ ನೋವಿನ ಬಗ್ಗೆ ತರಬೇತಿ ಕೊಡುತ್ತಿದ್ದೇನೆ. ಆದ್ದರಿಂದ ಇಬ್ಬರು ಓದಿದವರು ಹೀಗೆ ಎರಡು ದಿಕ್ಕಿಗೆ ಹೋಗುವುದು ಏಕೆ ಎಂಬುದನ್ನು ಒಳಗಿನಿಂದ ಬಲ್ಲೆ.

ಮೊದಲ ವೈದ್ಯರು ನಿಮಗೆ ಮೋಸ ಮಾಡಿದರು ಎಂದು ದಯವಿಟ್ಟು ಭಾವಿಸಬೇಡಿ. ಅವರು ಹೇಳಿದ್ದು ಬಹುಮಟ್ಟಿಗೆ ಅವರಿಗೆ ಕಲಿಸಿದ ಮಾತು. ನಮ್ಮ ಕಾಲದ ಎಂಬಿಬಿಎಸ್‌ನಲ್ಲಿ ಮೂಳೆ ವಿಭಾಗವೆಂದರೆ ಮುರಿತ, ಗೆಡ್ಡೆ, ಕ್ಷಯ, ಹುಟ್ಟಿನಿಂದ ಬಂದ ವಕ್ರತೆ ಇವೇ ಆಗಿದ್ದವು. ಆರೋಗ್ಯ ಕೇಂದ್ರದ ಬಾಗಿಲಲ್ಲಿ ದಿನವೂ ಬಂದು ನಿಲ್ಲುವ ಸೊಂಟನೋವು, ಕುತ್ತಿಗೆನೋವು, ಮಂಡಿನೋವುಗಳಿಗೆ ಸಿಕ್ಕಿದ್ದು ಒಂದೆರಡು ಉಪನ್ಯಾಸ. ನೋವು ಎಂಬುದು ಸ್ವತಂತ್ರ ವಿಷಯವಾಗಿ ಪಾಠದಲ್ಲಿ ಬರಲೇ ಇಲ್ಲ. ಬೇರೊಂದು ಕಾಯಿಲೆಯನ್ನು ತೋರಿಸುವ ಗುರುತಾಗಿ ಮಾತ್ರ ಬಂತು. ಹೀಗೆ ಓದಿದವರ ಮನಸ್ಸಿನಲ್ಲಿ ಒಂದು ಲೆಕ್ಕ ಭದ್ರವಾಗಿ ಕೂರುತ್ತದೆ: ನೋವಿದ್ದರೆ ಒಳಗೆ ಎಲ್ಲೋ ಪೆಟ್ಟಾಗಿದೆ, ನೋವು ಹೆಚ್ಚಿದ್ದರೆ ಪೆಟ್ಟೂ ಹೆಚ್ಚು, ಪೆಟ್ಟಾದ ಭಾಗಕ್ಕೆ ವಿಶ್ರಾಂತಿ ಬೇಕು. ಕಾಲು ಮುರಿದಾಗ ಈ ಲೆಕ್ಕ ಸರಿ. ತಿಂಗಳುಗಟ್ಟಲೆ ಉಳಿದ ಸೊಂಟನೋವಿಗೆ ಇದು ಹೊಂದುವುದಿಲ್ಲ.

ಹೊಂದುವುದಿಲ್ಲ ಎಂಬುದು ಇಂದು ನಿನ್ನೆಯ ಸುದ್ದಿಯೂ ಅಲ್ಲ. ನರಗಳಿಂದ ಬರುವ ನೋವಿನ ಸೂಚನೆಯನ್ನು ಬೆನ್ನುಹುರಿಯೇ ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು ಎಂದು ಮೆಲ್ಜಾಕ್ ಮತ್ತು ವಾಲ್ ಪ್ರತಿಪಾದಿಸಿದ್ದು 1965ರಲ್ಲಿ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 1979ರಲ್ಲಿ ಕೊಟ್ಟು 2020ರಲ್ಲಿ ತಿದ್ದಿದ ವ್ಯಾಖ್ಯಾನದ ಪ್ರಕಾರ, ನೋವೆಂದರೆ ಅಂಗಾಂಶಕ್ಕೆ ಆದ ಅಥವಾ ಆಗಬಹುದಾದ ಹಾನಿಯೊಡನೆ ಬರುವ, ಇಲ್ಲವೇ ಅದನ್ನು ಹೋಲುವ ಅಹಿತಕರ ಅನುಭವ. ಇಲ್ಲಿ ‘ಹೋಲುವ’ ಎಂಬ ಪದಕ್ಕೆ ತೂಕ ಹೆಚ್ಚು. ಹಾನಿ ವಾಸಿಯಾದ ಮೇಲೂ ನೋವು ಉಳಿಯಬಹುದು, ಮತ್ತು ಆ ನೋವು ಪೂರ್ತಿ ನಿಜ. ನಿದ್ದೆ ಕೆಟ್ಟಿದ್ದರೆ, ಸಾಲದ ಚಿಂತೆಯಿದ್ದರೆ, ಬಗ್ಗಿದರೆ ಏನಾಗುವುದೋ ಎಂಬ ಹೆದರಿಕೆಯಿದ್ದರೆ ಅದೇ ಸೊಂಟ ಹೆಚ್ಚು ನೋಯುತ್ತದೆ. ಇದನ್ನು ರೋಗಿಗೆ ಹೇಳುವಾಗ ‘ಎಲ್ಲ ನಿನ್ನ ಮನಸ್ಸಿನಲ್ಲೇ ಇದೆ’ ಎಂಬಂತೆ ಕೇಳಿಸಿದರೆ ಅವರ ನಂಬಿಕೆ ಅಲ್ಲಿಗೇ ಮುರಿಯುತ್ತದೆ. ಅನೇಕ ವೈದ್ಯರು ಗೊತ್ತಿದ್ದೂ ಸುಮ್ಮನಿರುವುದು ಈ ಅಂಜಿಕೆಯಿಂದಲೇ.

ಹಾಸಿಗೆ ಹಿಡಿಸುವ ಸಲಹೆಗೂ ಒಂದು ಚರಿತ್ರೆಯಿದೆ. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಡೇಯೋ ಮತ್ತು ಸಂಗಡಿಗರು ಸೊಂಟನೋವಿನವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ಎರಡು ದಿನದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಶೇ. 45ರಷ್ಟು ಕಡಿಮೆಯಾಗಿದ್ದವು, ಉಳಿದ ವಿಷಯಗಳಲ್ಲಿ ಏಳು ದಿನ ಮಲಗಿದವರಿಗೆ ಯಾವ ಲಾಭವೂ ಆಗಿರಲಿಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆದ ಅಧ್ಯಯನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಎರಡು ದಿನ ಮಲಗಿದವರಿಗಿಂತಲೂ, ಸೊಂಟದ ವ್ಯಾಯಾಮ ಮಾಡಿದವರಿಗಿಂತಲೂ, ನೋವು ತಡೆದುಕೊಳ್ಳುವಷ್ಟರ ಮಟ್ಟಿಗೆ ದಿನದ ಕೆಲಸಗಳನ್ನು ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. ನಿಮಗೆ ಎರಡು ತಿಂಗಳು ಮಲಗಲು ಹೇಳಿದ ವೈದ್ಯರು ಈ ಎರಡನ್ನೂ ಓದಿರಲಿಕ್ಕಿಲ್ಲ, ಇಲ್ಲವೇ ಓದಿಯೂ ಒಪ್ಪಿರಲಿಕ್ಕಿಲ್ಲ. ಈ ಎರಡನೆಯ ಸಾಧ್ಯತೆಯೇ ನನ್ನನ್ನು ಹೆಚ್ಚು ಕಾಡುವುದು.

ಏಕೆಂದರೆ ತಿಳಿವಳಿಕೆ ಬೇರೆ, ನಂಬಿಕೆ ಬೇರೆ. ಆಸ್ಟ್ರೇಲಿಯಾದಲ್ಲಿ ಬುಕ್‌ಬಿಂಡರ್ ಮತ್ತು ಸಂಗಡಿಗರು ಸುಮಾರು 3800 ಕುಟುಂಬ ವೈದ್ಯರ ಉತ್ತರಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನುನೋವಿನ ಬಗ್ಗೆ ತಮಗೆ ವಿಶೇಷ ಆಸಕ್ತಿ ಇದೆ ಎಂದುಕೊಂಡ ವೈದ್ಯರೇ ಮಲಗಿಸುವುದನ್ನೂ ಎಕ್ಸ್‌ರೇ ತೆಗೆಸುವುದನ್ನೂ ಹೆಚ್ಚಾಗಿ ಒಪ್ಪಿದರು. ಬೆನ್ನುನೋವಿನ ಬಗ್ಗೆ ಇತ್ತೀಚೆಗೆ ತರಬೇತಿ ಪಡೆದಿದ್ದ ವೈದ್ಯರ ಉತ್ತರಗಳು ಉತ್ತಮವಾಗಿದ್ದವು. ಅಂದರೆ ಮೂವತ್ತು ವರ್ಷ ಬೆನ್ನು ನೋಡಿದ ಅನುಭವ ಅಷ್ಟರಿಂದಲೇ ಸರಿಯಾದ ನಂಬಿಕೆಯನ್ನು ಕೊಡುವುದಿಲ್ಲ. ಹೊಸಬಳು, ಚಿಕ್ಕ ಪ್ರಾಯದವಳು ಎಂಬ ಕಾರಣಕ್ಕೆ ಆ ವೈದ್ಯೆಯನ್ನು ನಿಮ್ಮ ಮನೆಯವರು ಅನುಮಾನಿಸುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ಈಗ ನಿಮ್ಮ ರಿಪೋರ್ಟಿಗೆ ಬರುತ್ತೇನೆ. ಅದರಲ್ಲಿ ಡಿಸ್ಕ್ ಉಬ್ಬಿದೆ, ಒಣಗಿದೆ ಎಂದು ಬರೆದಿರಬಹುದು, ಅದು ಸುಳ್ಳಲ್ಲ. ಪ್ರಶ್ನೆ ಏನೆಂದರೆ, ನೋವೇ ಇಲ್ಲದ ನಿಮ್ಮ ನೆರೆಮನೆಯವರನ್ನು ಅದೇ ಯಂತ್ರದೊಳಗೆ ಮಲಗಿಸಿದರೆ ಏನು ಕಾಣುತ್ತದೆ? ಬೆನ್ನುನೋವಿಲ್ಲದ 3110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 40ರ ವಯಸ್ಸಿನವರಲ್ಲಿ ಶೇ. 68 ಮಂದಿಗೆ ಡಿಸ್ಕಿನ ಕ್ಷೀಣತೆ, ಶೇ. 50 ಮಂದಿಗೆ ಉಬ್ಬು ಕಂಡಿತು. 50ರ ವಯಸ್ಸಿಗೆ ಇವು ಶೇ. 80 ಮತ್ತು ಶೇ. 60ಕ್ಕೆ ಏರುತ್ತವೆ. 20ರ ಹರೆಯದವರಲ್ಲೂ ಶೇ. 37 ಮಂದಿಗೆ ಕ್ಷೀಣತೆ ಇತ್ತು. ನಿಮ್ಮ ತೋಟದ ಅಡಿಕೆ ಮರದ ಕಾಂಡವನ್ನು ನೋಡಿ. ಹಾಳೆ ಕಳಚಿದ ಜಾಗದಲ್ಲೆಲ್ಲ ಒಂದೊಂದು ಬಳೆಯ ಗುರುತು ಉಳಿದಿರುತ್ತದೆ. ಮರ ಬೆಳೆದಂತೆ ಗುರುತುಗಳು ಹೆಚ್ಚುತ್ತವೆ, ಅವನ್ನು ಕಂಡು ಮರಕ್ಕೆ ರೋಗ ಬಂದಿದೆ ಎಂದು ಯಾವ ಬೆಳೆಗಾರನೂ ಹೇಳುವುದಿಲ್ಲ. ವೈದ್ಯೆ ರಿಪೋರ್ಟಿನ ಮೇಲೆ ಬೇಗ ಕಣ್ಣಾಡಿಸಿ ನಿಮ್ಮ ಕಾಲಿನ ಶಕ್ತಿ, ಸ್ಪರ್ಶ, ಮಂಡಿಯ ಪ್ರತಿಕ್ರಿಯೆಗಳನ್ನು ನಿಧಾನವಾಗಿ ನೋಡಿದರಲ್ಲ, ಸಮಯವನ್ನು ಅವರು ಸಲ್ಲಬೇಕಾದ ಕಡೆಗೇ ಕೊಟ್ಟರು.

‘ಜಾರಿದೆ’, ‘ಸವೆದಿದೆ’ ಎಂಬ ಎರಡು ಮಾತುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಜಿಲ್ಲೆಯಲ್ಲಿ ಔಷಧದಂಗಡಿಯಿಂದ ದೊಡ್ಡ ಆಸ್ಪತ್ರೆಯವರೆಗೆ ಎಲ್ಲರ ಬಾಯಲ್ಲೂ ಇವು ಇವೆ. ಡಿಸ್ಕ್ ಜಾರುವ ವಸ್ತುವಲ್ಲ. ಮೇಲಿನ ಮತ್ತು ಕೆಳಗಿನ ಕಶೇರುಕಗಳಿಗೆ, ಅಂದರೆ ಬೆನ್ನುಮೂಳೆಯ ಮಣಿಗಳಿಗೆ, ಗಟ್ಟಿ ನಾರುಗಳಿಂದ ಬೆಸೆದುಕೊಂಡಿರುತ್ತದೆ. ಅದರ ನಡುವಿನ ಮೆದು ಭಾಗ ಹೊರಕ್ಕೆ ಉಬ್ಬಬಹುದು, ಕೆಲವೊಮ್ಮೆ ಒಡೆದು ಬಂದು ನರವನ್ನು ಕೆರಳಿಸಬಹುದು. ಹಾಗೆ ಹೊರಬಂದ ಭಾಗವನ್ನು ಎಷ್ಟೋ ಜನರಲ್ಲಿ ದೇಹವೇ ತಿಂಗಳುಗಳ ಅವಧಿಯಲ್ಲಿ ಕರಗಿಸಿಕೊಳ್ಳುತ್ತದೆ. ನಿಮ್ಮ ಕಾಲಿನ ಸೆಳೆತ ಇಳಿದದ್ದೂ ಹೀಗೆ ಇರಬಹುದು. ಇನ್ನು ‘ಸವೆತ’. ಚಪ್ಪಲಿ ಸವೆಯುತ್ತದೆ, ಟೈರು ಸವೆಯುತ್ತದೆ, ಬಳಸಿದಷ್ಟೂ ಕಡಿಮೆಯಾಗುತ್ತದೆ. ಎಲುಬು ಸವೆದಿದೆ ಎಂದು ಕೇಳಿದವರು ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದು ಕದಲದೆ ಕೂರುವುದು ಸಹಜವಾದ ತೀರ್ಮಾನ, ಅವರ ತಪ್ಪೇನೂ ಇಲ್ಲ. ಆದರೆ ಜೀವವಿರುವ ಎಲುಬೂ ಸ್ನಾಯುವೂ ಭಾರ ಬಿದ್ದಂತೆ ಗಟ್ಟಿಯಾಗುತ್ತವೆ, ಕೆಲಸವಿಲ್ಲದಿದ್ದರೆ ಸೊರಗುತ್ತವೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದ ಹೊತ್ತಿಗೆ ಸೊಂಟ ಬಗ್ಗಿಸಿ ಚಿಪ್ಪಿಕಲ್ಲು ಹೆಕ್ಕುವ ಕೆಲಸ ಮಾಡುತ್ತಿದ್ದ, ಐವತ್ತು ದಾಟಿದ ಹೆಂಗಸೊಬ್ಬರು ನನ್ನ ಕೇಂದ್ರಕ್ಕೆ ಬಂದಿದ್ದರು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಎಲುಬು ಸವೆದಿದೆ ಅಮ್ಮಾ, ಇನ್ನು ನೀರಿಗೆ ಇಳಿಯಬೇಡಿ’ ಎಂದು ಹೇಳಿ ಕಳಿಸಿದೆ. ಹೊರಗೆ ದೊಡ್ಡ ಸಾಲಿತ್ತು, ನಾನು ಅವರಿಗೆ ಕೊಟ್ಟ ಸಮಯ ಮೂರು ನಿಮಿಷವೂ ಇರಲಿಕ್ಕಿಲ್ಲ. ಎರಡು ವರ್ಷದ ನಂತರ ಮಗನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಕೋಲೂರಿಕೊಂಡು ಬಂದರು. ತೊಡೆಯ ಮಾಂಸ ಕರಗಿತ್ತು, ಕೆಳಗೆ ಕೂತರೆ ಏಳಲು ಆಗುತ್ತಿರಲಿಲ್ಲ. ಏಕೆ ಹೀಗೆ ಕೂತುಬಿಟ್ಟಿರಿ ಎಂದು ಕೇಳಿದ್ದಕ್ಕೆ, ‘ನೀವೇ ಹೇಳಿದ್ದಲ್ಲ ಡಾಕ್ಟ್ರೇ, ಸವೆದು ಹೋಗಿದೆ ಅಂತ. ಇಳಿದ್ರೆ ಉಳಿದದ್ದೂ ಹೋಗ್ತದಲ್ಲ?’ ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸಿದ ವಿಶ್ವಾಸವಿತ್ತು. ಅವರನ್ನು ಕುರ್ಚಿಯಿಂದ ಏಳುವುದು, ಅಂಗಳ ಸುತ್ತುವುದು, ಕೊಡದಲ್ಲಿ ಅರ್ಧ ನೀರು ಎತ್ತುವುದು ಎಂದು ಹಂತಹಂತವಾಗಿ ಮತ್ತೆ ನಿಲ್ಲಿಸಲು ಏಳೆಂಟು ತಿಂಗಳು ಹಿಡಿಯಿತು. ಮುಂದಿನ ಚಳಿಗಾಲದಲ್ಲಿ ಮಂಡಿಮಟ್ಟದ ನೀರಿಗೆ ಇಳಿದರು, ಮೊದಲಿನಷ್ಟು ಹೊತ್ತು ಮಾತ್ರ ಆಗಲಿಲ್ಲ.

ವೈದ್ಯರ ನಂಬಿಕೆ ರೋಗಿಗೆ ದಾಟುತ್ತದೆ ಎಂಬುದಕ್ಕೆ ಇಂದು ಬಲವಾದ ಆಧಾರಗಳಿವೆ. ನೋವಿಗೆ ಹೆದರಿ ಕೆಲಸ ಬಿಡಬೇಕೆಂದು ನಂಬುವ ವೈದ್ಯರ ರೋಗಿಗಳು ಅದೇ ಹೆದರಿಕೆಯನ್ನು ಹೊತ್ತು ಮನೆಗೆ ಹೋಗುತ್ತಾರೆ ಎಂಬುದನ್ನು ನ್ಯೂಜಿಲೆಂಡಿನ ಡಾರ್ಲೋ ಮತ್ತು ಸಂಗಡಿಗರು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೋರಿಸಿದರು. ನಂಬಿಕೆ ಬದಲಾಗಬಲ್ಲದು ಎಂಬುದಕ್ಕೂ ಉದಾಹರಣೆಯಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಟಿವಿಯ ಮೂಲಕ, ಬೆನ್ನುನೋವಿದ್ದರೆ ಮಲಗಬೇಡಿ, ಚಟುವಟಿಕೆಯಿಂದಿರಿ ಎಂಬ ಪ್ರಚಾರ ನಡೆಯಿತು. ಜನರ ಜೊತೆಗೆ ಕುಟುಂಬ ವೈದ್ಯರ ಉತ್ತರಗಳೂ ಬದಲಾದವು, ಬೆನ್ನುನೋವಿಗಾಗಿ ಪರಿಹಾರ ಕೋರುವ ಕಾರ್ಮಿಕರ ಅರ್ಜಿಗಳೂ ಇಳಿದವು. ಪ್ರಚಾರವಿಲ್ಲದ ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ನಮ್ಮಲ್ಲಿ ಪೋಲಿಯೋಗೆ, ಕ್ಷಯಕ್ಕೆ ನಡೆದಂಥ ಪ್ರಚಾರ ಬೆನ್ನುನೋವಿಗೂ ನಡೆಯಬೇಕೆಂದು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು; ಜನರನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾಯಿಲೆಗಳಲ್ಲಿ ಅದೇ ಮೊದಲನೆಯದು. ಆದರೂ ನಮ್ಮ ಉಪಕೇಂದ್ರಗಳಲ್ಲಿ 30 ದಾಟಿದವರಿಗೆ ನಡೆಯುವ ತಪಾಸಣೆಯಲ್ಲಿ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಇವೆ, ಸೊಂಟ ಮತ್ತು ಮಂಡಿ ಇಲ್ಲ.

ಆರೋಗ್ಯ ಕೇಂದ್ರದವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗುಡ್ಡಗಾಡು ಪ್ರದೇಶದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿಯಮದ ಪ್ರಕಾರವೇ 20 ಸಾವಿರ ಜನ. ಫಿಸಿಯೋಥೆರಪಿಸ್ಟ್ ಸಿಗಬೇಕೆಂದರೆ ಹೆಚ್ಚಿನವರು ಪೇಟೆಗೇ ಹೋಗಬೇಕು. ಬಂದವರಲ್ಲಿ ಅನೇಕರು ಕೇಳುವುದು ಒಂದು ಇಂಜೆಕ್ಷನ್. ಕೊಡದಿದ್ದರೆ ಈ ಡಾಕ್ಟರಿಗೆ ಏನೂ ಗೊತ್ತಿಲ್ಲ ಎಂಬ ಮಾತು ಸಂಜೆಯೊಳಗೆ ಬಸ್ ನಿಲ್ದಾಣ ತಲುಪಿರುತ್ತದೆ. ಅಂಥ ಒತ್ತಡದಲ್ಲಿ ಕಾಲೆತ್ತಿಸಿ ಪರೀಕ್ಷೆ ಮಾಡಿ, ಸ್ಕ್ಯಾನ್ ಬೇಡ ಎಂದು ಹೇಳುವುದಕ್ಕೆ ತಿಳಿವಳಿಕೆಯ ಜೊತೆಗೆ ಧೈರ್ಯವೂ ಬೇಕು.

ಇನ್ನೊಂದು ವಿಷಯದಲ್ಲಿ ಸ್ಥಳೀಯ ಕೇಂದ್ರದವರ ತಿಳಿವಳಿಕೆ ದೂರದ ತಜ್ಞರಿಗಿಂತ ಮೇಲು. ಮೈಕೈ ನೋವಿನ ಜೊತೆ ಜ್ವರ ಬಂದಾಗ, ದರಕು (ಒಣಗಿದ ಎಲೆ) ಗುಡಿಸಲು ಕಾಡಿಗೆ ಹೋಗಿದ್ದಿರಾ, ಉಣುಗು (ಉಣ್ಣೆ ಹುಳು) ಕಚ್ಚಿತ್ತೇ ಎಂದು ಕೇಳುವವರು ಅವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2024ರಲ್ಲಿ ಸಿದ್ದಾಪುರದ ಕಡೆ ಎಷ್ಟು ಜನರನ್ನು ಮಲಗಿಸಿತೆಂಬುದು ನಿಮಗೆ ಗೊತ್ತು. ಅದರ ಮೊದಲ ದಿನಗಳ ಬೆನ್ನು, ಕುತ್ತಿಗೆ ನೋವನ್ನು ಉಳುಕೆಂದು ತಿಳಿದು ಎಣ್ಣೆ ತಿಕ್ಕಿಸಿಕೊಂಡವರಿದ್ದಾರೆ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಜ್ವರದ ಜೊತೆ ಮೀನಖಂಡ ಮುಟ್ಟಗೊಡದಷ್ಟು ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಇಲಿಜ್ವರವನ್ನು ನೆನೆಯಬೇಕು. ತಿಂಗಳುಗಟ್ಟಲೆ ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಹುಡುಕಲೇಬೇಕು, ಆಗ ಸ್ಕ್ಯಾನ್ ತಪ್ಪಿಸಬಾರದು. 45ರೊಳಗಿನ ಯುವಕರಿಗೆ ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಮಲಗಿದಷ್ಟೂ ಹೆಚ್ಚಾಗಿ, ಓಡಾಡಿದರೆ ಸಡಿಲವಾಗುತ್ತಿದ್ದರೆ ಅದು ಬೇರೆಯೇ ಬಗೆಯ ಉರಿಯೂತದ ಕಾಯಿಲೆಯಾಗಿರಬಹುದು.

ನೀವು ಮಾತ್ರ ಈ ಕೆಲವನ್ನು ಗಟ್ಟಿಯಾಗಿ ನೆನಪಿಡಿ: ಸೈಕಲ್ ಸೀಟು ತಾಗುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಎರಡೂ ಕಾಲು ಸೋಲುವುದು, ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ತಾನಾಗಿ ಕಳಚುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ.

ಇವಿಲ್ಲದಿದ್ದರೆ ಕೆಲಸ ಹೀಗೆ ಆರಂಭಿಸಿ. ಮನೆಯಿಂದ ತೋಟದವರೆಗೆ ದಿನಕ್ಕೆ ಎರಡು ಸಲ ಬರಿಗೈಯಲ್ಲಿ ನಡೆಯಿರಿ. ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ. ಎರಡನೆಯ ವಾರ ಕಾಲು ಭಾಗ ತುಂಬಿದ ಬುಟ್ಟಿ ಎತ್ತಿ, ಸರಿಹೋದರೆ ಅರ್ಧಕ್ಕೆ ಬನ್ನಿ. ಮದ್ದು ಹೊಡೆಯುವ ಉದ್ದನೆಯ ದೋಟಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಬಂದ ಮೇಲೆ ಮರದಿಂದ ಬೀಳುವ ಅಪಾಯ ತಗ್ಗಿತು ನಿಜ, ಆದರೆ ಮೇಲೆ ನೋಡುತ್ತಾ ಭಾರ ತಡೆಯುವುದು ಕುತ್ತಿಗೆಗೂ ಸೊಂಟಕ್ಕೂ ಒಟ್ಟಿಗೆ ದಣಿವು. ಕೆಲಸದ ಹೊತ್ತಿಗೆ ನೋವು ಸ್ವಲ್ಪ ಏರಿ ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅಳತೆ ಸರಿಯಾಗಿದೆ. ಇಳಿಯದಿದ್ದರೆ ಮಾರನೆಯ ದಿನ ಪ್ರಮಾಣ ತಗ್ಗಿಸಿ, ಪೂರ್ತಿ ನಿಲ್ಲಿಸಬೇಡಿ. ಬೆಲ್ಟನ್ನು ದಿನಕ್ಕೆ ಒಂದೊಂದು ಗಂಟೆ ಕಡಿಮೆ ಮಾಡುತ್ತಾ ಬಿಟ್ಟುಬಿಡಿ. ಮೂರು ತಿಂಗಳು ದಾಟಿದ ಸೊಂಟನೋವಿಗೆ ಬೆಲ್ಟು, ಎಳೆತದ ಚಿಕಿತ್ಸೆ ಎರಡೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನ ಮಾರ್ಗಸೂಚಿಯಲ್ಲಿ ಹೇಳಿದೆ. ಡೈಕ್ಲೋಫಿನಾಕ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ರಕ್ತದೊತ್ತಡಕ್ಕೂ ಅದು ಕೇಡು.

ಎರಡು ವಾರದ ನಂತರ ಅದೇ ವೈದ್ಯೆಯ ಬಳಿ ಮತ್ತೆ ಹೋಗಿ, ಆಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬೆಳಗಿನ ಸಾಲು ಕರಗಿದ ಮೇಲೆ ಹೋದರೆ ಅವರಿಗೂ ಮಾತಾಡಲು ಪುರುಸೊತ್ತು ಸಿಗುತ್ತದೆ. ಕಾಲು ಎತ್ತಿಸಿದ್ದರಿಂದ, ಸುತ್ತಿಗೆ ತಟ್ಟಿದ್ದರಿಂದ ಏನು ತಿಳಿಯಿತು, ರಿಪೋರ್ಟಿನಲ್ಲಿರುವುದು ನಿಮ್ಮ ವಯಸ್ಸಿಗೆ ಎಷ್ಟು ಸಾಮಾನ್ಯ, ಯಾವ ಲಕ್ಷಣ ಕಂಡರೆ ತಮ್ಮ ಸಲಹೆಯನ್ನು ಬದಲಿಸುತ್ತೀರಿ ಎಂದು ಆಯಿಯ ಎದುರಿಗೇ ಕೇಳಿ. ಆ ಎರಡು ವಾರಗಳಲ್ಲಿ ಎಷ್ಟು ನಡೆದಿರಿ, ಎಷ್ಟು ಎತ್ತಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಅವರಿಗೆ ಕೊಡಿ. ಮುಂದಿನ ಎರಡು ವಾರದ ಅಳತೆಯನ್ನು ಅವರು ಅದರಿಂದಲೇ ಹಾಕಿಕೊಡಬಲ್ಲರು.